ಹಸೆಯ ಮೇಲೆ ಕೂತ ಹೆಣ್ಣು

ವೀರನಹೊಸಹಳ್ಳಿಯ ಪಕ್ಕದ ನಮ್ಮೂರಿನಲ್ಲಿ ಬೀರಮ್ಮನ ಸಿಟ್ಟಿಗೆ ಹೆದರದವರು ಇಬ್ಬರೇ: ಕಾಡಿನಿಂದ ಬರುವ ಆನೆ ಮತ್ತು ಮಾಯಮ್ಮ. ಆನೆಯನ್ನು ಬೀರಮ್ಮ ತಗಡು ಬಡಿದು ಓಡಿಸುತ್ತಿದ್ದಳು. ಮಾಯಮ್ಮನ ಜೊತೆ ಮಾತು ಬಿಟ್ಟಿದ್ದಳು.

ಬಿಟ್ಟು ಎಂಟು ವರ್ಷವಾಗಿತ್ತು. ಇಬ್ಬರೂ ಹೊಗೆಸೊಪ್ಪು ಹದಮಾಡುವ ಒಂದೇ ಬ್ಯಾರನ್ನಿನ ಮುಂದೆ ಬೆನ್ನಿಗೆ ಬೆನ್ನು ತಿರುಗಿಸಿ ಕೂತು ಎಲೆ ಕಟ್ಟುತ್ತಿದ್ದರು. ದಾರ ಬೇಕಾದರೆ ಬೀರಮ್ಮ ಎದುರಿಗಿದ್ದವರಿಗೆ ಹೇಳುವಳು, "ಆ ಹೆಂಗ್ಸಿಗೆ ಏಳ್ರವ್ವ, ದಾರದ ಉಂಡೆ ಈ ಕಡೆ ತಳ್ಳಕ್ಕೆ." ಯಾರೂ ಇಲ್ಲದಿದ್ದರೆ ಅಲ್ಲೇ ಮಲಗಿದ ನಾಯಿಗೆ ಹೇಳುವಳು. ಮಾಯಮ್ಮನೂ ನಾಯಿಗೇ ಉತ್ತರ ಕೊಡುವಳು.

ಅದಕ್ಕೆ ಮೊದಲು ಸುತ್ತಿನ ಯಾವ ಮದುವೆಯಲ್ಲೂ ಹಸೆಹಾಡು ಎಂದರೆ ಇವರಿಬ್ಬರೇ. ನೆಲದ ಮೇಲೆ ಹಸೆ ಬರೆದು ಹೆಣ್ಣನ್ನು ಕೂರಿಸಿದ ಮೇಲೆ ಮಾಯಮ್ಮ ಗಂಡಿನ ಕಡೆಯವಳಾಗಿ ಕೇಳುವಳು, ಬೀರಮ್ಮ ತಾಯಿಯಾಗಿ ಉತ್ತರಿಸುವಳು. ಅರಿಸಿನ, ಹೂವು, ಬಳೆ, ಒಂದೊಂದನ್ನೂ ಕೇಳಿ, ಒಂದೊಂದನ್ನೂ ಕೊಟ್ಟು, ಕೊನೆಗೆ ಇಬ್ಬರೂ ಒಂದೇ ದನಿಯಲ್ಲಿ ಹೆಣ್ಣನ್ನು ಹಸೆಯಿಂದ ಎಬ್ಬಿಸಬೇಕು. ಅಲ್ಲಿಯ ತನಕ ಹಾಡುವವರು ಏಳುವಂತಿಲ್ಲ. ಎದ್ದರೆ ಹೆಣ್ಣು ಹೋದ ಮನೆಯಲ್ಲಿ ನಿಲ್ಲುವುದಿಲ್ಲ ಎನ್ನುತ್ತಾರೆ.

ಬೀರಮ್ಮನ ಮಗಳು ಸುಧಾಳ ಮದುವೆಯಲ್ಲಿ ಮಾಯಮ್ಮ ಎದ್ದುಬಿಟ್ಟಳು. ಹಾಡು ಬಳೆಯ ತನಕ ಬಂದಿತ್ತು. ಕೆ.ಆರ್. ನಗರದ ಬೀಗರು ಮೈಕ್‌ಸೆಟ್ಟು ತಂದಿದ್ದರು. "ಸಾಕು ನಿಲ್ಸಿ ಈ ಮುದುಕೀರ ರಾಗವ" ಎಂದು ಯಾರೋ ಕ್ಯಾಸೆಟ್ ಹಾಕಿದರು. ಮಾಯಮ್ಮ ಸೆರಗು ಕೊಡವಿಕೊಂಡು ಎದ್ದವಳು ಊಟಕ್ಕೂ ನಿಲ್ಲಲಿಲ್ಲ. ವರ್ಷ ತುಂಬುವುದರೊಳಗೆ ಸುಧಾ ಟ್ರಂಕು ಹೊತ್ತು ತವರಿಗೆ ಬಂದಳು.

"ಅವನು ಕುಡ್ದು ಬಡೀತಿದ್ದ, ಬಂದೆ ಕಣವ್ವ. ಹಾಡೇನು ಮಾಡೀತು?" ಎಂದು ಸುಧಾ ಎಷ್ಟು ಸಲ ಹೇಳಿದರೂ ಬೀರಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಕುಡಿದು ಬಡಿದವನು ಕೆ.ಆರ್. ನಗರದಲ್ಲಿದ್ದ. ಮಾಯಮ್ಮ ಪಕ್ಕದ ಬೀದಿಯಲ್ಲೇ ಇದ್ದಳು.

ತೊಂಬತ್ತೆಂಟರಲ್ಲಿ ಹೈಸ್ಕೂಲು ಮೇಷ್ಟ್ರು ಉಮಾಶಂಕರ ಇಬ್ಬರ ಮನೆಗೂ ಬಂದರು. ಧಾರವಾಡದ ಒಂದು ಸಂಗೀತ ಸಭೆಯವರು ಹಸೆಹಾಡಿಗೆ ಕರೆದಿದ್ದಾರೆ ಎಂದರು.

"ಆ ಹೆಂಗ್ಸು ಬಂದ್ರೆ ನಾನು ಬರಾಕಿಲ್ಲ."

"ಕೇಳೋರಿಲ್ದೆ ನೀವು ಯಾರಿಗೆ ಉತ್ತರ ಕೊಡ್ತೀರಿ ಬೀರಮ್ಮೋರೆ?"

ಎಂಟು ವರ್ಷದಿಂದ ಆ ಹಾಡು ಬಳೆಯ ಹತ್ತಿರವೇ ನಿಂತಿತ್ತು. ಎಲ್ಲಾದರೂ ಸರಿ, ಒಂದು ಸಲ ಅದನ್ನು ಕೊನೆ ಮುಟ್ಟಿಸಿ ಸುಧಾಳನ್ನು ಹಸೆಯಿಂದ ಎಬ್ಬಿಸಬೇಕು. ಆ ಆಸೆಗೇ ಬೀರಮ್ಮ ಹೊರಟಳು.

ರೈಲಿನಲ್ಲಿ ಇಬ್ಬರ ನಡುವೆ ಮೇಷ್ಟ್ರು ಕೂತರು.

"ಮೇಷ್ಟ್ರೇ, ಆ ಹೆಂಗ್ಸಿಗೆ ಏಳಿ, ಕಾಲು ಮಡಿಸ್ಕಳಕ್ಕೆ" ಎಂದಳು ಬೀರಮ್ಮ.

"ರೈಲು ಅವ್ರಪ್ಪಂದಾ ಕೇಳಿ ಮೇಷ್ಟ್ರೇ" ಎಂದಳು ಮಾಯಮ್ಮ.

ಅರಸೀಕೆರೆ ದಾಟುವಷ್ಟರಲ್ಲಿ ಮೇಷ್ಟ್ರು ನಿದ್ದೆ ಬಂದವರಂತೆ ಕಣ್ಣು ಮುಚ್ಚಿದ್ದರು.

ಧಾರವಾಡವನ್ನು ಬೀರಮ್ಮ ಕಂಡದ್ದು ಅದೇ ಮೊದಲು. ಬೆಳಗಿನ ಬೀದಿಯಲ್ಲಿ ನಡೆಯುವಾಗ ಒಂದು ಹೆಂಚಿನ ಮನೆಯ ಕಿಟಕಿಯಿಂದ ತಂಬೂರಿ ಕೇಳುತ್ತಿತ್ತು. ಒಳಗೆ ಯಾರೋ ಒಂದೇ ಸ್ವರವನ್ನು ಎಳೆಯುತ್ತಿದ್ದರು. ಉಸಿರು ಮುಗಿದರೆ ಮತ್ತೆ ಅದನ್ನೇ ಹಿಡಿಯುತ್ತಿದ್ದರು. ಹಾಲು ಹಾಕುವವನು ಸದ್ದು ಮಾಡದೆ ಪಾತ್ರೆ ತುಂಬಿ ಹೋದ.

"ಈ ಊರ್ನಲ್ಲಿ ಯಾರೂ ಸಾಕು ಅನ್ನಾಕಿಲ್ವಾ ಮೇಷ್ಟ್ರೇ?"

"ಇಲ್ಲಿ ಒಂದೇ ರಾಗವ ರಾತ್ರಿಯೆಲ್ಲ ಕೂತು ಕೇಳೋರವ್ರೆ ಬೀರಮ್ಮೋರೆ."

ಬೀರಮ್ಮನ ಬಿಗಿದ ಮುಖ ಸ್ವಲ್ಪ ಸಡಿಲವಾಯಿತು.

ಸಂಜೆ ವೇದಿಕೆಯ ಮೇಲೆ ಇಬ್ಬರೂ ಪಕ್ಕಪಕ್ಕ ಕೂತರು. ಮಾಯಮ್ಮ ಅರಿಸಿನ ಕೇಳಿದಳು, ಬೀರಮ್ಮ ಕೊಟ್ಟಳು. ಹೂವು ಕೇಳಿದಳು, ಕೊಟ್ಟಳು. ಬಳೆಗೆ ಬರುವಾಗ ಬಿಳಿ ಜುಬ್ಬದ ಕಾರ್ಯದರ್ಶಿ ಮೆಟ್ಟಿಲು ಹತ್ತಿ ಬಂದ.

"ಸಾಕ್ರಿ ಯವ್ವಾ, ಭಾಳ ಛಲೋ ಹಾಡಿದ್ರಿ. ಏಳ್ರಿ ಈಗ, ದೊಡ್ಡ ಗವಾಯಿಗಳು ಬಂದಾರ."

ಸಾಕು. ಬೀರಮ್ಮನ ಕಿವಿಯಲ್ಲಿ ಬೀಗರ ಕ್ಯಾಸೆಟ್ಟು ತಿರುಗತೊಡಗಿತು.

"ಹೆಣ್ಣಿನ್ನೂ ಹಸೆ ಮ್ಯಾಲೆ ಕೂತವ್ಳೆ ಸ್ವಾಮಿ. ಅವಳ್ನ ಎಬ್ಬಿಸ್ದೆ ನಾವು ಏಳಕ್ಕಾಯ್ತದಾ?"

"ಯಾವ ಹೆಣ್ಣು ಯವ್ವಾ?" ಆತ ವೇದಿಕೆಯ ಮೇಲೆ ಅತ್ತಿತ್ತ ನೋಡಿ ನಕ್ಕ. ಮುಂದಿನ ಸಾಲಿನಲ್ಲೂ ಕೆಲವರು ನಕ್ಕರು.

"ನನ್ನ ಮಗಳು." ಮೈಕಿನಲ್ಲಿ ಅದು ಸಭೆಯ ಕೊನೆಯ ಗೋಡೆಯ ತನಕ ಕೇಳಿತು. "ನಗೋರು ನಗಿ. ರಾತ್ರಿಯೆಲ್ಲ ಒಂದೇ ರಾಗ ಕೇಳೋ ಊರು ಅಂದ್ರು. ಒಂದು ಹೆಣ್ಣು ಎದ್ದು ಅವಳ ಮನೆಗೆ ಹೋಗೋಗಂಟ ತಾಳಾಕಿಲ್ವಾ ನೀವು?"

ಆತ ಕೈಸನ್ನೆ ಮಾಡಿದ. ಮೈಕು ಸತ್ತಿತು. ಮೇಷ್ಟ್ರು ಸಭೆಯ ಹಿಂದೆಲ್ಲೋ ಇದ್ದರು. ಇಬ್ಬರ ನಡುವೆ ಯಾರೂ ಇರಲಿಲ್ಲ. ಬೀರಮ್ಮ ಪಕ್ಕಕ್ಕೆ ತಿರುಗಲಿಲ್ಲ. ಸೆರಗು ಕೊಡವುವ ಸದ್ದಿಗೆ ಕಾದಳು.

ಸದ್ದು ಬರಲಿಲ್ಲ. ಮಾಯಮ್ಮ ಹಾಡಿನಲ್ಲಿ ಬಳೆ ಕೇಳಿದಳು. ಮೈಕಿಲ್ಲದ ಗಂಟಲು, ಗದ್ದೆಯಿಂದ ಗದ್ದೆಗೆ ಕೂಗುವ ಗಂಟಲು. ಬೀರಮ್ಮ ಬಳೆ ಕೊಟ್ಟಳು. ಕಾಲುಂಗುರ ಕೊಟ್ಟಳು. ಕಾರ್ಯದರ್ಶಿ ನಿಂತೇ ಇದ್ದ. ಕೊನೆಗೆ ಇಬ್ಬರೂ ಹೆಣ್ಣಿನ ಹೆಸರು ಹಿಡಿದು ಎಬ್ಬಿಸುವಾಗ ಮುಂದಿನ ಸಾಲಿನ ಒಬ್ಬ ಮುದುಕಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಹಾಡಿದವರಿಬ್ಬರೂ ತಾವಾಗಿಯೇ ಎದ್ದರು.

ಸಭೆಯ ಹಿಂದಿನ ನಲ್ಲಿಯಲ್ಲಿ ಬೀರಮ್ಮ ಮುಖ ತೊಳೆದಳು. ಪಕ್ಕದಲ್ಲಿ ಮಾಯಮ್ಮ ನಿಂತಿದ್ದಳು. ಅಲ್ಲಿ ಮೇಷ್ಟ್ರಿರಲಿಲ್ಲ, ನಾಯಿಯೂ ಇರಲಿಲ್ಲ.

"ಇಲ್ಲಿ ನೀನು ಕೂತೆ. ಅವತ್ತು ಕೂರಕ್ಕೆ ಏನಾಗಿತ್ತೇ ನಿಂಗೆ?"

ಎಂಟು ವರ್ಷದ ಮೇಲೆ ಮಾಯಮ್ಮನ ಮುಖಕ್ಕೆ ಆಡಿದ ಮೊದಲ ಮಾತು ಅದು.

"ಅವತ್ತು ನೀನೆಲ್ಲಿ ಬಾಯಿ ಬುಟ್ಟೆ? ಬೀಗರು ನಿಲ್ಸಿ ಅಂದ್ರೆ ತಲೆ ತಗ್ಗಿಸ್ಕಂಡು ಕೂತಿದ್ದೆ. ಇವತ್ತು ಬುಟ್ಟೆ. ನಾನೂ ಕೂತೆ."

"ಮಗಳ ಮದ್ವೆ ಕಣೇ ಅದು. ಬೀಗರ ಎದ್ರಿಗೆ ಎಂಗೆ ಬಾಯಿ ಬುಡ್ಲಿ?"

"ಅದನ್ನ ನಂಗೇಳಿದ್ರೆ ಮಾರ್ನೇ ದಿನವೇ ಬಂದು ಪೂರ್ತಿ ಹಾಡ್ತಿದ್ದೆ. ನೀನು ನಾಯಿಗೇಳ್ದೆ."

ಬೀರಮ್ಮನ ಸಿಟ್ಟು ಇಳಿಯಲಿಲ್ಲ. ವಾಪಸು ರೈಲಿನಲ್ಲಿ ಮೇಷ್ಟ್ರನ್ನು ಎಬ್ಬಿಸಿ ಕಿಟಕಿಯ ಮೂಲೆಗೆ ಕಳಿಸಿದಳು. ತಾನು ಮಾಯಮ್ಮನ ಎದುರಿಗೇ ಕೂತು, ಸುಧಾಳ ಮದುವೆಯ ದಿನದಿಂದ ಹಿಡಿದು ಜಗಳ ಶುರು ಮಾಡಿದಳು.