ಮೈಕ್ ಆಫ್ ಇದ್ದಾಗ ಕೇಳಿದ್ದು

ಸತ್ತವರು ಮಾತಾಡುತ್ತಾರೆ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು, ನಗುವುದಕ್ಕೂ ಬೇಸರವಾಗುತ್ತಿತ್ತು. ಈಗ ಹಾಗೆ ಎದ್ದು ಹೋಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವೇ ಯೋಚಿಸಿ.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಗಂಡನ ಮನೆಯವರು ಉಡುಪಿ ಕಡೆಯವರು, ಮನೆಯಲ್ಲಿ ತುಳು. ಮೈದುನ ಸುಧೀರ ಇಲ್ಲಿನ ಕೆಮಿಕಲ್ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ. ಒಂದು ದಿನ ಊಟದ ಡಬ್ಬಿ ಮರೆತು ಹೋದ. ಕೊಟ್ಟು ಬರಲು ಇವರು ಸ್ಕೂಟರಿನಲ್ಲಿ ಹೋದರು. ಗೇಟಿನ ಬಳಿ ನಿಂತಿದ್ದಾಗಲೇ ಒಳಗೆ ಬಾಯ್ಲರ್ ಸಿಡಿಯಿತು. ಗೋಡೆ ಕುಸಿದು ಸುಧೀರ ಅದರಡಿ ಸಿಕ್ಕಿ ತೀರಿಕೊಂಡ. ಇವರ ಮೈಮೇಲೆ ಗಾಯವಿಲ್ಲ. ಕಿವಿ ಮಾತ್ರ ಹೋಯಿತು. ಕೆಲವು ದಿನಗಳಲ್ಲಿ ಎಡಗಿವಿ ಸುಧಾರಿಸಿತು. ಬಲಗಿವಿಯಲ್ಲಿ ಒಂದು ಶಿಳ್ಳೆ ಶುರುವಾಗಿ ಹಗಲೂ ರಾತ್ರಿ ನಿಲ್ಲಲೇ ಇಲ್ಲ. ಲೋಕಲ್ ಟ್ರೇನಿನ ಗದ್ದಲದಲ್ಲಿ ಅದು ಸ್ವಲ್ಪ ಮರೆಯಾಗುತ್ತದೆಂದು ಕೆಲಸವಿಲ್ಲದಿದ್ದರೂ ಕಲ್ಯಾಣ್‌ವರೆಗೆ ಹೋಗಿ ಬರುತ್ತಿದ್ದರು.

ಕೊನೆಗೆ ಥಾಣೆಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಹೊರಗಿನ ಸದ್ದು ಬಾರದ, ಗಾಜಿನ ಕಿಟಕಿಯ ಸಣ್ಣ ಕೋಣೆ. ಒಳಗೆ ಇವರು, ತಲೆಗೆ ಹೆಡ್‌ಫೋನ್. ಹೊರಗೆ ಮಶೀನಿನ ಮುಂದೆ ಪರೀಕ್ಷೆ ಮಾಡುವ ಮರಾಠಿ ಹುಡುಗಿ, ಪಕ್ಕದಲ್ಲಿ ನಾನು. ಇವರು ಒಳಗೆ ಆಡಿದ್ದು ನಮಗೆ ಸ್ಪೀಕರಿನಲ್ಲಿ ಕೇಳುತ್ತಿತ್ತು. ಬೇರೆ ಬೇರೆ ಸ್ವರ ಕೇಳಿಸಿ, ಇವರ ಶಿಳ್ಳೆಗೆ ಯಾವುದು ಹತ್ತಿರ ಎಂದು ಮೊದಲು ಹುಡುಕಿದಳು. ಆಮೇಲೆ ಅವಳು ಮೈಕಿನಲ್ಲಿ ಒಂದೊಂದೇ ಪದ ಹೇಳುವುದು, ಇವರು ಕೇಳಿಸಿದ್ದನ್ನು ತಿರುಗಿ ಹೇಳುವುದು. ಘರ್, ಫೂಲ್, ಝಾಡ್. ಎಡಗಿವಿ ಮುಗಿಯಿತು. ಬಲಗಿವಿಗೆ ಹೋಗುವ ಮುಂಚೆ ಅವಳು ಮೈಕ್ ಆಫ್ ಮಾಡಿ, ಬಾಟಲಿ ತೆಗೆದು ನೀರು ಕುಡಿದಳು.

ಆಗ ಸ್ಪೀಕರಿನಲ್ಲಿ ಇವರ ದನಿ ಬಂತು. "ಕತ್ತಲೆ."

ಕಿಟಕಿಯಲ್ಲಿ ನೋಡಿದೆ. ತಲೆ ತಗ್ಗಿಸಿ ಕೂತಿದ್ದರು. ಕಿವಿಗೊಟ್ಟು ಕೇಳುವವರ ಹಾಗೆ ಸ್ವಲ್ಪ ತಡೆದು, "ನೀರ್" ಎಂದರು. ಮತ್ತೆ ತಡೆದು, "ಕಾರ್." ತುಳುವಿನಲ್ಲಿ ಹಾಗೆಂದರೆ ಕಾಲು.

"ಆಂಟಿ, ನಾನು ಏನೂ ಹೇಳಲೇ ಇಲ್ಲ," ಎಂದಳು ಹುಡುಗಿ. ಮೈಕಿನ ದೀಪ ಆರಿತ್ತು.

"ಅಣ್ಣ," ಎಂದರು ಇವರು. ಮನೆಗೆ ಹಿರಿಯ ಮಗ ಇವರೇ. ಇವರು ಅಣ್ಣ ಎಂದು ಕರೆಯುವವರು ಯಾರೂ ಇಲ್ಲ. ಇನ್ನೊಮ್ಮೆ, "ಅಣ್ಣ." ಕೊನೆಗೆ, "ಪ್ರಣಾಲಿ."

ಪ್ರಣಾಲಿ ಕಲ್ಯಾಣ್ ಆಚೆಯ ಟಿಟ್ವಾಳಾ ಊರಿನ ಹುಡುಗಿ. ಅವಳನ್ನು ಮದುವೆಯಾಗಬೇಕೆಂದು ಸುಧೀರ ಹೇಳಿದ್ದು ನನಗೊಬ್ಬಳಿಗೆ. "ಅತ್ತಿಗೆ, ಅಮ್ಮನಿಗೆ ನಾನೇ ಹೇಳ್ತೇನೆ. ಅಲ್ಲಿವರೆಗೆ ಅಣ್ಣನಿಗೂ ಬೇಡ," ಎಂದಿದ್ದ. ಅವನು ಹೋದ ಮೇಲೆ ಆ ಹೆಸರನ್ನು ನಾನು ಯಾರ ಮುಂದೆಯೂ ಎತ್ತಿರಲಿಲ್ಲ.

ಹುಡುಗಿ ಓಡಿ ಹೋಗಿ ಬಾಗಿಲು ತೆಗೆದಳು. ಇವರು ತಲೆಯೆತ್ತಿ, "ಬಲಗಿವಿ ಯಾವಾಗ ಶುರು ಮಾಡುವುದು?" ಎಂದು ಕೇಳಿದರು. ತಾವು ಆಡಿದ್ದು ಒಂದೂ ನೆನಪಿರಲಿಲ್ಲ. ಮತ್ತೆ ಕೂರಿಸಿ ಪರೀಕ್ಷಿಸಿದಾಗ ಆ ಕಿವಿಗೆ ಒಂದು ಪದವೂ ಕೇಳಿಸಲಿಲ್ಲ.

ಇವರಿಗೆ ಆ ಹೆಸರು ಬೇರೆ ಯಾರಿಂದಲೋ ತಿಳಿದಿರಬಹುದು, ಮನಸ್ಸಿನಲ್ಲಿ ಹೂತಿದ್ದ ಭಯ ಬಾಯಿಗೆ ಬಂದಿರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೂ ಸಮಾಧಾನವಿಲ್ಲ. ತಕ್ಷಣ ಜೀವ ಹೋಯಿತು, ನೋವೇ ಗೊತ್ತಾಗಿರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಂಬಿಕೊಂಡೇ ಅತ್ತೆ ದಿನ ದೂಡುತ್ತಿದ್ದಾರೆ. ಅವನು ಗೋಡೆಯಡಿ ಸ್ವಲ್ಪ ಹೊತ್ತು ಬದುಕಿದ್ದು ಅಣ್ಣನನ್ನು ಕೂಗಿದ್ದರೆ? ಗೇಟಿನಲ್ಲಿದ್ದ ಅಣ್ಣನಿಗೆ ಆಗ ಏನೂ ಕೇಳಿಸುತ್ತಿರಲಿಲ್ಲ. ಇದನ್ನು ನಾನು ಯಾರಿಗೆ ಹೇಳಲಿ?

ವಾಪಸು ಬರುವಾಗ ಟ್ರೇನಿನಲ್ಲಿ, "ಆ ಹುಡುಗಿ ಯಾಕೆ ಅಷ್ಟು ಹೆದರಿದ್ದು?" ಎಂದು ಕೇಳಿದರು. ಮಶೀನ್ ಕೆಟ್ಟಿತ್ತು ಎಂದೆ.

ಇವರಿಗೆ ಆ ದಿನದ್ದು ನೆನಪಿರುವುದು ಒಂದೇ. ಎಡಗಿವಿ ಮುಗಿದ ಮೇಲೆ ಸ್ವಲ್ಪ ಹೊತ್ತು ಶಿಳ್ಳೆ ಪೂರ್ತಿ ನಿಂತಿತ್ತಂತೆ. ತಮ್ಮ ಹೋದ ಮೇಲೆ ಅಂಥ ನೆಮ್ಮದಿ ಸಿಕ್ಕಿದ್ದು ಅದೊಂದೇ ಸಲವಂತೆ. "ಇನ್ನೊಮ್ಮೆ ಆ ಕೋಣೆಯಲ್ಲಿ ಕೂತು ಬರ್ತೇನೆ, ಹೋಗುವ," ಎನ್ನುತ್ತಾರೆ. ಶಾಲೆ, ನೆಂಟರು, ಅತ್ತೆಯ ಮಂಡಿನೋವು ಎಂದು ಏನಾದರೂ ನೆವ ಹೇಳಿ ಮುಂದೂಡುತ್ತಾ ಬಂದೆ. ನಿನ್ನೆ ಅವರೇ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದಾರೆ.