ಮೊದಲ ಫೋಟೊ, ಕೊನೆಯ ಫೋಟೊ

ಕಾರಿನ ಕಿಟಕಿಯೊಳಗೆ ಕೈ ಹಾಕಿ ಅವನು ಕೀಲಿ ತಿರುಗಿಸಿದ. ಮೀಟರಿನ ದೀಪ ಹತ್ತಿತು. ನಾನು ಎದುರಿನ ಕಿಟಕಿಯಿಂದ ಫೋನು ತೂರಿಸಿ ಮೊದಲ ಫೋಟೊ ತೆಗೆದೆ.

"ಒಳಗ ಕುಂತು ತಿರುಗಸ್ರಿ ಅಣ್ಣಾರ, ಕೈ ಉಳುಕೀತು," ಎಂದೆ.

"ಆ ಸೀಟಿನ್ಯಾಗ ಯಾರೂ ಕುಂದ್ರಂಗಿಲ್ಲ. ನೀ ನಿನ್ನ ಕೆಲಸ ನೋಡು ತಮ್ಮಾ."

ನನ್ನ ಕೆಲಸ ಇಷ್ಟೇ. ಇನ್ಶೂರೆನ್ಸ್ ಮುಗಿದುಹೋದ ಗಾಡಿಗೆ ಹೊಸದು ಮಾಡಿಸಬೇಕಾದರೆ ಮೊದಲು ಯಾರಾದರೂ ಹೋಗಿ ಗಾಡಿ ನೋಡಿ ಬರಬೇಕು. ನಾರಾಯಣಪೇಟೆಯ ಏಜೆಂಟು ಫೋನ್ ಮಾಡುತ್ತಾನೆ, ನಾನು ಮಕ್ತಲ್‌ನಿಂದ ಬೈಕಿನಲ್ಲಿ ಹೋಗುತ್ತೇನೆ. ಮೊದಲು ಮೀಟರಿನ ಫೋಟೊ. ಆಮೇಲೆ ಗಾಡಿಯ ನಾಲ್ಕೂ ಕಡೆ, ಗಾಜು, ಚಾಸಿ ನಂಬರು. ಕೊನೆಗೆ ಮತ್ತೆ ಮೀಟರು. ಮೊದಲ ಫೋಟೊದಲ್ಲಿ ಎಷ್ಟು ಕಿಲೋಮೀಟರ್ ಇದೆಯೋ ಕೊನೆಯದರಲ್ಲೂ ಅಷ್ಟೇ ಇರಬೇಕು. ಆಗ ನಡುವೆ ಯಾರೂ ಗಾಡಿ ಬದಲಾಯಿಸಿಲ್ಲ ಎಂದು ಕಂಪನಿ ನಂಬುತ್ತದೆ. ನನಗೆ ಸಿಗುವುದು ಹೆಚ್ಚಾಗಿ ಟ್ರ್ಯಾಕ್ಟರು, ಟಂಟಂ ಆಟೊ, ಹಳೆಯ ಜೀಪು. ಹೊರದೇಶದಿಂದ ಹಡಗಿನಲ್ಲಿ ಬಂದ ರೇಸಿನ ಕಾರು ಅಂದೇ ಮೊದಲು ನೋಡಿದ್ದು.

ಗದ್ವಾಲದ ಹೊರಗೆ ಅವರದು ಹತ್ತಿ ಬೀಜದ ಗೋದಾಮು. ಮನೆಯೂ ಅಲ್ಲೇ. ಗೋದಾಮಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಕಾರು ನಿಂತಿತ್ತು. ಕೆಂಪು ಬಣ್ಣ, ಎರಡೇ ಬಾಗಿಲು, ಎತ್ತರ ನನ್ನ ಸೊಂಟಕ್ಕೆ ಬರುತ್ತಿತ್ತು. ಮುಂದಿನ ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ. ಪ್ರತಿ ಸೋಮವಾರ ತೊಳೆದು, ವಿಭೂತಿ ಹಚ್ಚಿ, ಹೊರಗಿನಿಂದಲೇ ಕೈ ಹಾಕಿ ಸ್ವಲ್ಪ ಹೊತ್ತು ಎಂಜಿನ್ ಚಾಲೂ ಮಾಡುತ್ತಾರಂತೆ. ಆಮೇಲೆ ಬಂದ್. ಎರಡು ವರ್ಷದಿಂದ ಅದು ಶೆಡ್ಡು ಬಿಟ್ಟು ಹೊರಗೆ ಬಂದಿಲ್ಲ.

ಕಾರು ತಂದದ್ದು ಈ ಕೀಲಿ ತಿರುಗಿಸಿದವನ ಅಣ್ಣ. ಜೂರಾಲ ಡ್ಯಾಮಿನ ರಸ್ತೆಯಲ್ಲಿ ಗೋಡೆಗೆ ಗುದ್ದಿ ಸತ್ತ. ಗಾಡಿ ರಿಪೇರಿ ಆಯಿತು, ಅವನು ಆಗಲಿಲ್ಲ. ಈಗ ಕಾಗದವೆಲ್ಲ ತಮ್ಮನ ಹೆಸರಿಗೆ ಆಗಿತ್ತು. ಉಳಿದದ್ದು ಇನ್ಶೂರೆನ್ಸ್ ಒಂದೇ.

ಫೋಟೊ ಎಲ್ಲ ತೆಗೆದು ಫೋನಿನಲ್ಲಿ ಫಾರ್ಮು ತೆರೆದೆ. ಅದು ಇಂಗ್ಲಿಷಿನಲ್ಲಿರುತ್ತದೆ. ನನಗೆ ಓದಲು ಬರುವುದಿಲ್ಲ, ಯಾವ ಪ್ರಶ್ನೆ ಎಲ್ಲಿದೆ ಎಂದು ಗೊತ್ತು, ಅಷ್ಟೇ. ಮೂರನೆಯದು ಹಿಂದೆ ಅಪಘಾತ ಆಗಿದೆಯಾ ಎಂದು. ನಾಲ್ಕನೆಯದು ಬೇರೆ ಸಾಮಾನು ಹಾಕಿಸಿದ್ದೀರಾ ಎಂದು. ಎಲ್ಲರಿಗೂ ನಾನು ಇಲ್ಲ, ಇಲ್ಲ ಎಂದು ಒತ್ತುತ್ತಾ ಹೋಗುತ್ತೇನೆ. ಯಾರೂ ಬೇಡ ಎಂದಿಲ್ಲ.

"ಎಲ್ಲಾ ಇಲ್ಲ ಅಂತ ಹೊಡಿ," ಎಂದ ತಮ್ಮ.

"ಯಾಕ ಇಲ್ಲ? ಐತಿ ಅಂತ ಬರೀರಿ."

ತಿರುಗಿ ನೋಡಿದೆ. ಸತ್ತವನ ಹೆಂಡತಿ, ಚಹಾ ಹಿಡಿದು ನಿಂತಿದ್ದಳು. ನನ್ನ ಕೈಗೆ ಕಪ್ಪು ಕೊಟ್ಟು ಹೇಳಿದಳು, "ಗುದ್ದೇತಿ ಅಂತ ಬರೀರಿ. ಮನಿಷಾ ಹೋಗ್ಯಾನ ಅಂತ ಬರೀರಿ. ಮುಂದಿನ ತಗಡು ಕಂಪನೀದಲ್ಲ, ರಾಯಚೂರಾಗ ಬಡಿಸಿದ್ದು, ಅದನೂ ಬರೀರಿ."

"ಅತ್ತಿಗಿ, ಅಷ್ಟೆಲ್ಲ ಹೇಳಿದ್ರ ಯಾವನು ಇನ್ಶೂರೆನ್ಸ್ ಕೊಡ್ತಾನ?"

"ಕೊಡಬಾರ್ದು ಅಂತನ ಹೇಳಾಕತ್ತೀನಿ." ಅವಳು ನನ್ನ ಕಡೆ ತಿರುಗಿದಳು. "ಇನ್ಶೂರೆನ್ಸ್ ಕಾಗದ ಇಲ್ದ ಈ ಗಾಡಿ ರೋಡಿಗಿ ಇಳಸಂಗಿಲ್ಲ ಅಂತ ಇವರು ನಮ್ಮ ಅತ್ತಿ ಮುಂದ ಮಾತು ಕೊಟ್ಟಾರ. ಕಾಗದ ಬಂದ ದಿನಾ ಇಳಸ್ತಾರ. ಒಬ್ಬರನ್ನ ಇದ್ರಾಗ ಕಳಸೀನ್ರಿ, ಇನ್ನೊಬ್ಬರನ್ನ ಕಳಸಂಗಿಲ್ಲ."

"ಅಣ್ಣನ ಗಾಡಿ ಇಲ್ಲೇ ಕೊಳೀಬೇಕೇನು ಹಂಗಾದ್ರ?"

"ಕೊಳೀಲಿ."

ಅವನು ಬಟ್ಟೆ ತಗೊಂಡು ಕಾರಿನ ಬಾಗಿಲು ಒರೆಸತೊಡಗಿದ. ನಾನು ಅವಳು ಹೇಳಿದಂತೆ ಒತ್ತಿದೆ. ಚಹಾ ಕುಡಿದದ್ದೂ ಅಲ್ಲೇ, ಕಾರಿನ ಪಕ್ಕದಲ್ಲೇ ನಿಂತು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ನಾವು ಮೂವರೂ ಒಂದು ನಿಮಿಷವೂ ಕಾರು ಬಿಟ್ಟು ಸರಿದಿಲ್ಲ. ಅವನು ಮತ್ತೆ ಕೈ ಹಾಕಿ ಕೀಲಿ ತಿರುಗಿಸಿದ, ನಾನು ಕೊನೆಯ ಫೋಟೊ ತೆಗೆದು ಕಳಿಸಿ ಮಕ್ತಲ್‌ಗೆ ಬಂದೆ.

ಎರಡು ದಿನದ ಮೇಲೆ ನಾರ್ವ ಊರಿನಲ್ಲಿ ಒಂದು ಟ್ರ್ಯಾಕ್ಟರ್ ನೋಡುತ್ತಿದ್ದೆ. ಏಜೆಂಟಿನ ಫೋನ್ ಬಂತು.

"ಏಂ ರಾ, ಕಾರಿನ್ಯಾಗ ತಿರುಗಾಡಾಕ ಹೋಗಿದ್ದೇನು?"

"ಯಾವ ಕಾರು?"

"ಗದ್ವಾಲದ್ದು. ಅಪಘಾತಕ್ಕ ಕಂಪನಿ ಏನೂ ಅಂದಿಲ್ಲ. ಮೊದಲೇ ಹೇಳಿದ್ದು ಒಳ್ಳೇದಾತು ಅಂದ್ರು. ಮುಚ್ಚಿಟ್ಟಿದ್ರ ನಾಳೆ ಕ್ಲೇಮ್ ಕೊಡ್ತಿದ್ದಿಲ್ಲ. ಎಲ್ಲಾ ಪಾಸ್. ಒಂದೇ ಪ್ರಶ್ನೆ ಕಳಿಸ್ಯಾರ. ಮೊದಲ ಫೋಟೊಕ್ಕೂ ಕೊನೇ ಫೋಟೊಕ್ಕೂ ನಡುವ ಗಾಡಿ ಓಡಿಸಿದವರು ಯಾರು? ಹೆಸರು, ಲೈಸೆನ್ಸ್ ನಂಬರ್ ಬೇಕಂತ."

ಯಾರೂ ಓಡಿಸಿಲ್ಲ ಎಂದೆ. ನಿನ್ನ ಫೋಟೊ ನೀನೇ ನೋಡು ಎಂದ. ನೋಡಿದೆ. ಅಂದು ಕಳಿಸುವಾಗ ಅಂಕಿ ಹೋಲಿಸಿರಲಿಲ್ಲ; ಕೊನೆಯದರಲ್ಲಿ ಹನ್ನೊಂದು ಕಿಲೋಮೀಟರ್ ಹೆಚ್ಚಾಗಿತ್ತು. ಎರಡು ಫೋಟೊಗಳ ನಡುವೆ ಇಪ್ಪತ್ತು ನಿಮಿಷ. ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದೆ. ಟ್ರ್ಯಾಕ್ಟರಿನವನು "ಏನಾತೋ, ಮುಖ ಯಾಕ ಹಂಗಾತು?" ಎಂದ. ಏನೂ ಇಲ್ಲ ಎಂದೆ.

"ತಮ್ಮನ ಹೆಸರು ಹಾಕಿ ಮುಗಿಸು," ಎಂದ ಏಜೆಂಟು. "ಅವನ ಸಹಿ ತಗೊಂಡು ಬಾ."

ಮರುದಿನ ಬೆಳಿಗ್ಗೆ ಜೂರಾಲ ಡ್ಯಾಮಿನ ರಸ್ತೆಯಲ್ಲೇ ಗದ್ವಾಲಕ್ಕೆ ಹೋದೆ. ಗುದ್ದಿದ ಜಾಗದಲ್ಲಿ ಗೋಡೆಗೆ ಹೊಸ ಸಿಮೆಂಟು ಬಳಿದಿದ್ದಾರೆ, ದೂರದಿಂದಲೇ ಗೊತ್ತಾಗುತ್ತದೆ. ಅಲ್ಲಿ ಬೈಕು ನಿಲ್ಲಿಸಿ ಅದರ ಮೀಟರು ನೋಡಿಕೊಂಡೆ. ಗೋದಾಮಿನ ಗೇಟಿನ ಹತ್ತಿರ ಮತ್ತೆ ನೋಡಿದೆ. ಹನ್ನೊಂದು. ಒಂದು ಕಡೆಗೇ ಹನ್ನೊಂದು. ಕಾರು ಆ ಗೋಡೆಯ ತನಕ ಹೋಗಿ ಬಂದಿದ್ದರೆ ಇಪ್ಪತ್ತೆರಡು ಆಗಬೇಕಿತ್ತು.

ಅದನ್ನು ನಾನು ಅವರಿಗೆ ಹೇಳಲಿಲ್ಲ. ಫೋಟೊ ಎರಡನ್ನೂ ತೋರಿಸಿ ಪ್ರಶ್ನೆ ಇಷ್ಟು ಎಂದೆ. ತಮ್ಮ ನೋಡಿ ನಕ್ಕ. ಮೀಟರು ಕೆಟ್ಟಿರಬೇಕು ಎಂದ. ಅತ್ತಿಗೆ ಫೋನು ಇಸಿದುಕೊಂಡು ಎರಡೂ ಫೋಟೊ ಮತ್ತೆ ಮತ್ತೆ ನೋಡಿದಳು.

"ನಾ ಓಡ್ಸೀನಿ ಅಂತ ಬರಿ. ನನ್ನ ಹೆಸರು ಹಾಕು," ಎಂದ ಅವನು. "ಇಷ್ಟಕ್ಕ ಪಾಲಿಸಿ ಬರ್ತೈತಿ ಅಂದ್ರ ಏನಾತು?"

"ಓಡಸಾಕ ಮೊದಲು ಕುಂದ್ರಬೇಕಲ್ರಿ," ಎಂದಳು ಅವಳು. "ಎರಡು ವರ್ಷಾತು, ಕಿಟಕ್ಯಾಗ ಕೈ ಹಾಕಿ ಕೀಲಿ ತಿರುಗಿಸೂ ಗಂಡಸ ನೀವು. ಹೆಸರು ಬರಸ್ತೀರಂದ್ರ ಒಮ್ಮೆ ಕುಂತು ತೋರಸ್ರಿ."

ಅವನಿಗೆ ಸಿಟ್ಟು ಬಂತು. ಬಾಗಿಲು ತೆಗೆದು ಕುಳಿತು ಧಡ್ ಎಂದು ಹಾಕಿಕೊಂಡ. ಗಾಜು ಇಳಿದೇ ಇತ್ತು. ಕೀಲಿ ಮುಟ್ಟಲಿಲ್ಲ. ಎರಡೂ ಕೈ ಸ್ಟೇರಿಂಗ್ ಮೇಲೆ ಇಟ್ಟು ಮುಂದೆ ನೋಡುತ್ತಿದ್ದ. ಮುಂದೆ ಇದ್ದದ್ದು ತಗಡಿನ ಗೋಡೆ.

ಸ್ವಲ್ಪ ಹೊತ್ತಾದ ಮೇಲೆ ಅವನು "ಹೂಂ" ಎಂದ.

ನಾನು ನನಗೆ ಅಂದನೆಂದು, "ಏನ್ರಿ ಅಣ್ಣಾರ?" ಎಂದೆ. ಅವನು ಈ ಕಡೆ ತಿರುಗಲಿಲ್ಲ.

"ಹೂಂ," ಎಂದ ಮತ್ತೆ. ಸ್ವಲ್ಪ ತಡೆದು, "ಹೂಂ." ಫೋನಿನಲ್ಲಿ ಮಾತಾಡುವವರು ಹಾಗೆ ಅನ್ನುತ್ತಾರೆ. ಅವನ ಕೈಯಲ್ಲಿ ಫೋನು ಇರಲಿಲ್ಲ. ಕೊನೆಗೆ ಸಣ್ಣ ದನಿಯಲ್ಲಿ, "ಇಲ್ಲಣ್ಣ, ಗಾಡಿ ಹೊರಗ ತಗಿಯಂಗಿಲ್ಲ," ಎಂದ.

ಇಳಿದ. ಶೆಡ್ಡಿನೊಳಗೆ ಇನ್ನೂ ಚಳಿ ಇತ್ತು, ಆದರೂ ಅವನ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

"ಯಾರೂ ಓಡಿಸಿಲ್ಲ ಅಂತ ಬರಿ," ಎಂದ.

"ಹಂಗ ಬರದ್ರ ಪಾಲಿಸಿ ಬರಂಗಿಲ್ರಿ."

"ಗೊತ್ತೈತಿ. ಬರಿ."

ಅವಳು ಅವನ ಹತ್ತಿರ ಬಂದಳು. ಏನಾಯಿತು ಎಂದು ಕೇಳಲಿಲ್ಲ. "ಅವರು ಆರಾಮ ಅದಾರೇನ್ರಿ?" ಎಂದು ಕೇಳಿದಳು. ಅವನು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡ. ಅವಳು ಹಿಂದೆಯೇ ಹೋಗಿ ಟವೆಲ್ ಹಿಡಿದು ನಿಂತಳು.

ಯಾರೂ ಓಡಿಸಿಲ್ಲ ಎಂದು ಬರೆದು ಕಳಿಸಿದೆ. ಕಂಪನಿ ಫೈಲು ಬಂದ್ ಮಾಡಿತು. ಏಜೆಂಟು ಒಂದು ವಾರ ನನ್ನನ್ನು ಬೈದ. ಮೀಟರು ಕೆಟ್ಟಿತ್ತೇನೋ ಎಂದು ನೀವು ಅನ್ನಬಹುದು, ಅನ್ನಿ. ನಾನು ಕಂಡದ್ದು ಇಷ್ಟು. ಇದಕ್ಕೆ ಸೇರಿಸಲು ನನ್ನ ಹತ್ತಿರ ಬೇರೆ ಏನೂ ಇಲ್ಲ.