ಪೂಜೆಗೆ ಕೂತ ಪಾನಾ

ಮೂವತ್ತು ವರ್ಷ ಪಾನಾ ಹಿಡಿದೇ ಹೊಟ್ಟೆ ಹೊರೆದವನು ನಾನು. ಬೋಲ್ಟು ಬಿಗಿ ಮಾಡುವ ಸ್ಪ್ಯಾನರಿಗೆ ನಮ್ಮ ಪುಣೆಯಲ್ಲಿ ಪಾನಾ ಅಂತಲೇ ಅನ್ನುವುದು. ಖಡಕಿಯ ಕಾರ್ಖಾನೆಯಲ್ಲಿ ನಾನು ಫಿಟರ್. ಧಾರವಾಡ, ಬೆಳಗಾವಿ ಕಡೆಯಿಂದ ಬಂದ ನಮ್ಮ ಜನ ಹೊಲಿಗೆ ಯಂತ್ರ ಕೆಟ್ಟರೂ, ಸೈಕಲ್ ಕೆಟ್ಟರೂ ಮೊದಲು ನನ್ನ ಬಾಗಿಲಿಗೇ ಬರುತ್ತಿದ್ದರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಇತ್ತು, ಸುಳ್ಳೇಕೆ. ಆದರೆ ನನ್ನ ಷಡ್ಡಕನನ್ನು ಕಂಡು ಆ ವರ್ಷ ನಾನು ಎಷ್ಟು ಉರಿದೆ ಎಂಬುದು ತಿಳಿಯಬೇಕಾದರೆ ನಾನು ಫಿಟರ್, ಅವನು ಶಾಲೆಯ ಡ್ರಾಯಿಂಗ್ ಮಾಸ್ತರ ಎಂಬುದು ಮೊದಲು ಗೊತ್ತಿರಬೇಕು.

ಕಾರು ನಮ್ಮ ಮಾವನವರದು. ಅವರು ಬೆಳಗಾವಿಯಲ್ಲಿ ವಕೀಲರು. ನಾಲ್ಕು ಸಿಲಿಂಡರಿನ, ಕ್ಯಾನ್‌ವಾಸ್ ಮಾಡಿನ ಹಳೆಯ ಗಾಡಿ. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಹಳ ದಿನ ನಿಂತಿತ್ತು. ಆಮೇಲೆ ಯಾರೋ ರೇಡಿಯೇಟರಿನಲ್ಲಿ ನೀರಿದೆಯೋ ಇಲ್ಲವೋ ನೋಡದೆ ಓಡಿಸಿ, ಎಂಜಿನ್ ಸೀಳಿಹೋಯಿತು. ಮಾವನವರು ಅದನ್ನು ಗೂಡ್ಸ್ ರೈಲಿಗೆ ಹಾಕಿ ನನಗೆ ಕಳಿಸಿದರು. ನಾನು ಎರಡು ಭಾನುವಾರ ಬಿಚ್ಚಿ ನೋಡಿದೆ. ಎಂಜಿನ್ ಹೋಗಿದೆ, ಬೇರೆ ಯಾವ ಎಂಜಿನ್ನೂ ಇದಕ್ಕೆ ಕೂಡುವುದಿಲ್ಲ, ಗುಜರಿಗೇ ಸರಿ ಎಂದು ಪತ್ರ ಬರೆದು ಕೈ ತೊಳೆದುಕೊಂಡೆ. ಗಾಡಿ, ಹತ್ತಾರು ಸಂಸಾರ ಬಾಡಿಗೆಗಿದ್ದ ನಮ್ಮ ವಾಡೆಯ ಹಿಂದಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ತಾಡಪತ್ರಿ ಹೊದ್ದು ನಿಂತಿತು.

ಯುದ್ಧ ಮುಗಿದ ಮೇಲೆ ಮಿಲಿಟರಿಯ ಹಳೆಯ ಸಾಮಾನೆಲ್ಲ ಹರಾಜಿಗೆ ಬರತೊಡಗಿತು. ಷಡ್ಡಕ ಅದೇ ವಾಡೆಯಲ್ಲಿ, ನಮ್ಮ ಪಕ್ಕದ ಎರಡು ಖೋಲಿಗಳಲ್ಲಿ ಇದ್ದ. ಒಂದು ದಿನ ಎತ್ತಿನ ಗಾಡಿಯ ಮೇಲೆ ಏನೋ ಹೇರಿಸಿಕೊಂಡು ಬಂದ.

"ಅಣ್ಣಾರ, ಮಿಲಿಟರಿ ಲಾರಿ ಎಂಜಿನ್ ತಂದೇನ್ರಿ. ಆರು ಸಿಲಿಂಡರಿಂದು. ಮಾವಾರ ಗಾಡಿಗೆ ಕೂಡಸೂಣು ಅಂತೀನಿ."

ನಾನು ನಕ್ಕೆ. "ಮಾಸ್ತರ, ಇದು ಖಡು ಹಿಡಿದು ಫಳೇದ ಮ್ಯಾಲೆ ಬರಿಯೂ ಚಿತ್ರ ಅಲ್ಲೋ. ಕೂಡೂದಿಲ್ಲ."

"ನೋಡೂಣಂತ್ರಿ," ಅಂದ. ಅವನ ಆ ಮೆತ್ತಗಿನ ಮಾತೇ ನನಗಾಗುತ್ತಿರಲಿಲ್ಲ.

ಅಲ್ಲಿಂದ ನಾಲ್ಕು ತಿಂಗಳು ಒಂದು ಭಾನುವಾರವೂ ತಪ್ಪಲಿಲ್ಲ. ನಾನು ಜಗಲಿಯ ಮೇಲೆ ಪೇಪರು ಹಿಡಿದು ಕೂರುತ್ತಿದ್ದೆ. ಒಂದಕ್ಷರ ಓದುತ್ತಿರಲಿಲ್ಲ, ಅವನು ಯಾವಾಗ ತಪ್ಪುತ್ತಾನೆ ಎಂದು ಕಾಯುತ್ತಿದ್ದೆ. ಅವನು ಲಾರಿಯ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಒಂದೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಧೋತರದ ಮೇಲೆ ಸಾಲಾಗಿ ಇಟ್ಟ. ಸವೆದದ್ದನ್ನು ಬದಲಿಸಿ ಮತ್ತೆ ಜೋಡಿಸಿದ. ಬೇವಿನ ಟೊಂಗೆಗೆ ಭಾರ ಎತ್ತುವ ಕಪ್ಪಿ ಕಟ್ಟಿ, ವಾಡೆಯ ನಾಲ್ಕು ಜನರನ್ನು ಕರೆದು, ಎಂಜಿನ್ ಎತ್ತಿ ಇಳಿಸಿದ. ಕಪ್ಪಿ ನನ್ನದೇ. ಕೊಡುವುದಿಲ್ಲ ಅನ್ನಲು ನಾಲಿಗೆ ಬರಲಿಲ್ಲ.

ಎಂಜಿನ್ ಒಂದು ಗೇಣು ಉದ್ದವಾಯಿತು. ಆಯಿತಲ್ಲ, ಈಗ ಮುಗಿಯಿತು ಎಂದುಕೊಂಡೆ. ಅವನು ರೇಡಿಯೇಟರನ್ನೇ ಮುಂದಕ್ಕೆ ಸರಿಸಿ, ತುಪ್ಪದ ಡಬ್ಬಿಗಳ ತಗಡು ಕತ್ತರಿಸಿ ಬಾನೆಟ್ಟನ್ನು ಉದ್ದ ಮಾಡಿದ. ಆದರೆ ಹೊಸ ಎಂಜಿನ್ನಿನ ತೂತುಗಳೇ ಬೇರೆ, ಹಳೆಯ ಗೇರ್‌ಬಾಕ್ಸಿನ ತೂತುಗಳೇ ಬೇರೆ. ನಾನು ಕೂಡುವುದಿಲ್ಲ ಅಂದದ್ದು ಇದಕ್ಕೇ. ನಡುವೆ ಒಂದು ದಪ್ಪ ಕಬ್ಬಿಣದ ತಟ್ಟೆ ಬೇಕು. ಅದರಲ್ಲಿ ಎರಡೂ ಕಡೆಯ ತೂತುಗಳು ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಅವನು ಒಳಗೆ ಹೋಗಿ ನನ್ನ ಹೆಂಡತಿಯಿಂದ ಒಂದು ಹಿಡಿ ಕುಂಕುಮ ಇಸಿದುಕೊಂಡು ಬಂದು, ಎಣ್ಣೆಯಲ್ಲಿ ಕಲಸಿ, ಎಂಜಿನ್ನಿನ ಮೈಗೆ ಸವರಿ, ರಟ್ಟನ್ನು ಒತ್ತಿ ತೆಗೆದ. ತೂತುಗಳ ಅಚ್ಚು ಕೆಂಪಗೆ ಮೂಡಿತ್ತು. ಗೇರ್‌ಬಾಕ್ಸಿಗೂ ಹಾಗೇ ಮಾಡಿದ.

ಕಾರ್ಖಾನೆಯಲ್ಲಿ ದಿನಾ ನೀಲಿ ಬಣ್ಣ ಸವರಿ ನಾವು ಮಾಡುವ ಕೆಲಸವೇ ಅದು. ನನಗೆ ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ. ನನ್ನ ಮನೆಯ ಕುಂಕುಮ ಅವನಿಗೆ ಹೊಳೆಯಿತು. ಅಂದು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಹೆಂಡತಿ ಮಾತ್ರ ತಂಗಿಯ ಗಂಡನ ರೊಟ್ಟಿಯ ಮೇಲೆ ಕೆನೆಮೊಸರು ಹಾಕುತ್ತ, "ಭಾಳ ಶಾಣ್ಯಾ ಇದ್ದೀಯಪ್ಪಾ," ಅಂದಳು. ನನ್ನ ತಾಟಿಗೆ ಬಿದ್ದದ್ದು ಬರೀ ಮಜ್ಜಿಗೆ.

ತಟ್ಟೆಗೆ ತೂತು ಕೊರೆಸಿಕೊಡಿ ಎಂದು ನನ್ನನ್ನೇ ಕೇಳಿದ. ಕಾರ್ಖಾನೆಯ ಕಾಯ್ದೆ ಒಪ್ಪುವುದಿಲ್ಲ ಅಂದೆ. ಅವನು ಭವಾನಿ ಪೇಠದ ಒಬ್ಬ ಲೇಥ್‌ನವನ ಹತ್ತಿರ ಕೊರೆಸಿದ. ಮೊದಲ ಸಲಕ್ಕೇ ಕೂತಿತು. ಎಂಜಿನ್ ಶುರುವಾದ ದಿನ ಇಡೀ ವಾಡೆ ಅಂಗಳದಲ್ಲಿತ್ತು. ನಾನು ತಲೆನೋವೆಂದು ಮಲಗಿದ್ದೆ. ಆ ಗುರುಗುಟ್ಟುವಿಕೆಯಲ್ಲಿ ಒಂದು ತಪ್ಪು ಸದ್ದಾದರೂ ಇದೆಯೇ ಎಂದು ಕಿವಿ ಕೊಟ್ಟು ಕೇಳಿದೆ. ಇರಲಿಲ್ಲ.

ಮಾವನವರ ಪತ್ರ ಬಂತು. ದಸರೆಯ ದಿನ ಪುಣೆಗೆ ಬರುತ್ತೇನೆ, ಕಿರಿಯ ಅಳಿಯ ಮಾಡಿದ ಗಾಡಿಯಲ್ಲಿ ಕೂತೇ ಸೀಮೋಲ್ಲಂಘನ, ಬನ್ನಿ ಮುಡಿಯುವುದಕ್ಕೆ ಎಲ್ಲರೂ ಹೊಳೆ ದಾಟಿ ಹೋಗೋಣ ಎಂದು. ಗಾಡಿ ಓಡಿದರೆ ನಾನು ಬರೆದ ಪತ್ರ ಸುಳ್ಳಾಗುತ್ತದೆ. ಓಡಬಾರದು ಎಂದು ನಾನು ಮನಸಾರೆ ಬಯಸಿದೆ.

ಹಿಂದಿನ ದಿನ ಖಂಡೇನವಮಿ. ಮನೆಯ ಆಯುಧವನ್ನೆಲ್ಲ ಪೂಜೆಗೆ ಇಟ್ಟರೆ ಮರುದಿನ ಬೆಳಿಗ್ಗೆ ಎಬ್ಬಿಸುವವರೆಗೂ ಯಾರೂ ಮುಟ್ಟುವಂತಿಲ್ಲ. ಎರಡೂ ಮನೆಗೆ ಹಿರಿಯನಾಗಿ ಪೂಜೆ ನನ್ನದು. ಷಡ್ಡಕ ಗಾಡಿಯ ಕೆಳಗೆ ಮಲಗಿ, ಎಂಜಿನ್ನಿನ ಹಳೆಯ ಎಣ್ಣೆ ಹೊರಗೆ ಬಿಟ್ಟು, ಎಣ್ಣೆ ಇಳಿಯುವ ತೂತಿಗೆ ಮತ್ತೆ ಬೋಲ್ಟು ಹಾಕುತ್ತಿದ್ದ. ನಾನು ಹೋಗಿ, "ಹೊತ್ತು ಮೀರತದ, ಪಾನಾ ತಾ," ಎಂದು ಕೈ ಚಾಚಿದೆ. ಹೊತ್ತೇನೂ ಮೀರುತ್ತಿರಲಿಲ್ಲ. ಇನ್ನೂ ಒಂದು ತಾಸು ಇತ್ತು.

ಅವನು ಪಾನಾ ಕೊಟ್ಟ. "ಅಣ್ಣಾರ, ಎಣ್ಣೀ ಬೋಲ್ಟು ಬರೇ ಕೈಲೇ ತಿರುವೇನ್ರಿ. ನಾಳೆ ಪಾನಾ ಎಬ್ಬಿಸಿದ ಕೂಡ್ಲೆ ನೆನಪು ಮಾಡ್ರಿ. ಮಾವಾರು ಬರೂ ಗದ್ದಲದಾಗ ನಾ ಮರೀತೀನಿ."

"ಹೂಂ," ಅಂದೆ. ಹೆಂಡತಿ ಹಿತ್ತಲ ಬಾಗಿಲಲ್ಲಿ ಚೆಂಡು ಹೂವಿನ ಬುಟ್ಟಿ ಹಿಡಿದು ನಿಂತಿದ್ದಳು. ಅವನು ಹೊಸ ಎಣ್ಣೆ ತುಂಬಿ ಕೈ ತೊಳೆಯಲು ಹೋದ.

ಕೈಯಲ್ಲಿ ತಿರುವಿದ ಬೋಲ್ಟು ಎರಡು ಮೈಲಿ ಕುಲುಕಾಡಿದರೆ ಬಿಚ್ಚಿ ಬೀಳುತ್ತದೆ. ಎಣ್ಣೆಯೆಲ್ಲ ಸೋರಿ ಎಂಜಿನ್ ಒಣಗಿ ಸುಟ್ಟು ನಿಲ್ಲುತ್ತದೆ, ಅದೂ ಮಾವನವರ ಮುಂದೆ. ನಾನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಆ ಪಾನಾಕ್ಕೆ ಅರಿಷಿಣ ಕುಂಕುಮ ಏರಿಸಿ, ಹೂವಿಟ್ಟು, ಕೈ ಮುಗಿದೆ.

ಮರುದಿನ ಬೆಳಿಗ್ಗೆ ಆಯುಧ ಎಬ್ಬಿಸಿ, ಪಾನಾವನ್ನು ಅವನ ಪೆಟ್ಟಿಗೆಯಲ್ಲಿ ಹಾಕಿದೆ. ತುಟಿ ಪಿಟಕ್ಕೆನ್ನಲಿಲ್ಲ. ಅವನು ಗಾಡಿಗೆ ಹಾರ ಕಟ್ಟುವುದರಲ್ಲಿದ್ದ. ನಾನು ಟಾಂಗಾ ಹತ್ತಿ ಮಾವನವರನ್ನು ಕರೆತರಲು ಸ್ಟೇಷನ್ನಿಗೆ ಹೋದೆ.

ಸಂಜೆ ಹೊರಟೆವು. ಅವನು ಗಾಡಿ ನಡೆಸುತ್ತಿದ್ದ, ಪಕ್ಕದಲ್ಲಿ ಮಾವನವರು. ಹಿಂದೆ ಅಕ್ಕತಂಗಿಯರು ಮತ್ತು ನಾನು. ಮೊದಲು ಇಳಿದು ತಳ್ಳಬೇಕಾಗಿದ್ದಂಥ ಏರನ್ನು ಗಾಡಿ ಉಸಿರು ಕಟ್ಟದೆ ಹತ್ತಿತು. "ಏ, ಇದು ನಮ್ಮ ಗಾಡೀನ ಹೌದಲ್ಲೋ?" ಎಂದು ಮಾವನವರು ಹುಡುಗನ ಹಾಗೆ ನಕ್ಕರು. ನಾನು ಮತ್ತೆ ಮತ್ತೆ ತಿರುಗಿ ಹಿಂದಿನ ದಾರಿ ನೋಡಿದೆ. ಬರೀ ಧೂಳು, ಕಪ್ಪನೆಯ ಒಂದು ಹನಿಯೂ ಇಲ್ಲ. ಇನ್ನೂ ಯಾಕೆ ಬೀಳಲಿಲ್ಲ ಎಂದು ನನಗೆ ಆ ಬೋಲ್ಟಿನ ಮೇಲೂ ಸಿಟ್ಟು ಬಂತು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

ಹೊಳೆ ದಾಟಿ ಬನ್ನಿ ಗಿಡದ ಹತ್ತಿರ ಇಳಿದೆವು. ಷಡ್ಡಕ ಮಾವನವರಿಗೆ ಬನ್ನಿ ಕೊಟ್ಟು, ಆಮೇಲೆ ನನ್ನ ಕಾಲಿಗೆ ಬಗ್ಗಿದ.

"ಬನ್ನಿ ತೊಗೊಂಡು ಬಂಗಾರದಂಗ ಇರೂಣ್ರಿ, ಅಣ್ಣಾರ. ಮಾವಾರ, ಅಣ್ಣಾರು ಮೊದಲ ಎಲ್ಲಾ ಬಿಚ್ಚಿ, ಗುರ್ತು ಹಾಕಿ ಇಟ್ಟಿದ್ದಕ್ಕ ನನಗ ಇದು ಆತ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗಲಿಲ್ಲ. ಈಗಷ್ಟೇ ನೆನಪಾದವನ ಹಾಗೆ ಹಣೆ ಹಣೆ ಬಡಿದುಕೊಂಡು ಕೇಳಿದೆ: "ಅಲ್ಲೋ, ಆ ಎಣ್ಣೀ ಬೋಲ್ಟು ಬಿಗಿ ಮಾಡಿದ್ಯೋ ಇಲ್ಲೋ?"

"ಅಯ್ಯ, ಮುಂಜಾನೇನ ಮಾಡೇನ್ರಿ. ನೀವು ಸ್ಟೇಶನ್ನಿಗೆ ಹೋದಾಗ ಅಕ್ಕಾರು ನೆನಪು ಮಾಡಿದ್ರು."

"ನೋಡು, ಹಿರೇ ಅಳಿಯಗ ಎಷ್ಟು ಕಾಳಜಿ!" ಎಂದು ಮಾವನವರು ನನ್ನ ಬೆನ್ನು ತಟ್ಟಿದರು. ಷಡ್ಡಕ ಹೌದ್ರಿ ಎಂದು ತಲೆ ಆಡಿಸಿದ.

ಅವರಿಬ್ಬರೂ ಬಾನೆಟ್ ತೆಗೆದು ನೋಡಲು ಆಚೆ ಹೋದಾಗ ಹೆಂಡತಿ ಸೆರಗು ಸರಿಮಾಡಿಕೊಂಡು ನನ್ನ ಮುಂದೆ ಬಂದು ನಿಂತಳು.

"ನೀವ ಹೇಳ್ತೀರೇನೋ ಅಂತ, ನೀವು ಟಾಂಗಾ ಹತ್ತೂತನಕಾ ಕಾದ್ನಿರಿ," ಅಂದಳು.

ಆಮೇಲೆ ನನ್ನ ಕೈಯಲ್ಲಿ ಬನ್ನಿ ಇಟ್ಟು, ಪ್ರತಿ ವರ್ಷ ಮಾಡುವಂತೆ, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.